ಅತ್ತಿಗುಂಡಿಗೆ ಒಯ್ಯುವ ರೇಡಿಯೊ

ಕೈಚೀಲದಲ್ಲಿ ಹಿಡಿಸಬೇಕು, ಸೆಲ್ಲಿನಿಂದ ನಡೆಯಬೇಕು, ಕರೆಂಟಾಗಲಿ ಮೊಬೈಲ್ ಟವರಾಗಲಿ ಇಲ್ಲದ ಕಡೆಯೂ ಸಾವಿರಾರು ಕಿಲೋಮೀಟರ್ ಆಚೆಯ ನಿಲಯವನ್ನು ಕೇಳಿಸಬೇಕು. ಪ್ರಯಾಣದ ಶಾರ್ಟ್‌ವೇವ್ ರೇಡಿಯೊ ಎಂದರೆ ಇಷ್ಟು. ಅಂಗಡಿಯ ಗಾಜಿನ ಕಪಾಟಿನಲ್ಲಿ ಇಂಥ ರೇಡಿಯೊಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತಿಳಿಯುವುದು ಒಯ್ದ ಜಾಗದಲ್ಲಿ. ಆದ್ದರಿಂದ ಆಯ್ಕೆಯ ಮಾತನ್ನು ಒಂದು ಜಾಗದಿಂದಲೇ ಆರಂಭಿಸುವುದು ಒಳ್ಳೆಯದು. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿರುವ ಅತ್ತಿಗುಂಡಿ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಕೈಮರದ ಚೆಕ್‌ಪೋಸ್ಟ್ ದಾಟಿದ ಮೇಲೆ ರಸ್ತೆ ತಿರುವು ತಿರುವಾಗಿ ಬೆಟ್ಟ ಹತ್ತುತ್ತದೆ. ಕಾರಿನ ಎಫ್‌ಎಂನಲ್ಲಿ ಒಂದು ತಿರುವಿನಲ್ಲಿ ಸ್ಪಷ್ಟವಾಗಿದ್ದ ಹಾಡು ಮುಂದಿನ ತಿರುವಿನಲ್ಲಿ ಸುಯ್ಯೆಂದು ಅಡಗುತ್ತದೆ, ಅದರ ಮುಂದಿನ ತಿರುವಿನಲ್ಲಿ ಮತ್ತೆ ಮೂಡುತ್ತದೆ. ಎಫ್‌ಎಂ ಅಲೆ ಕಣ್ಣಿನ ನೋಟದ ಹಾಗೆ ನೇರವಾಗಿ ಸಾಗುವಂಥದು. ನಡುವೆ ಗುಡ್ಡ ಬಂದರೆ ಗುಡ್ಡದ ಬೆನ್ನಿಗೆ ಅದರ ನೆರಳು ಬೀಳುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ನಿಂತರೆ ದೂರದೂರದ ಎಫ್‌ಎಂ ಸಿಕ್ಕೀತು. ಅದೇ ಬೆಟ್ಟಸಾಲಿನ ಮಡಿಲಲ್ಲಿರುವ ತೋಟದ ಮನೆಯಲ್ಲಿ ಹತ್ತಿರದ್ದೂ ಸಿಗದೆ ಹೋದೀತು. ಮಧ್ಯಮ ತರಂಗದ ರೀತಿ ಬೇರೆ. ಹಗಲಿನಲ್ಲಿ ಅದು ನೆಲವನ್ನು ತಬ್ಬಿಕೊಂಡು ಹರಿಯುತ್ತದೆ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ 675 ಕಿಲೊಹರ್ಟ್ಸ್‌ನಲ್ಲಿ ಮಲೆನಾಡಿನ ಮನೆಮನೆಗೂ ತಲುಪಿದ್ದು ಹೀಗೆ. ಆದರೂ ಕಲ್ಲುಬಂಡೆಯ ಏರಿಳಿತದ ನೆಲ ಆ ಅಲೆಯನ್ನು ಬೇಗ ಹೀರಿಕೊಳ್ಳುತ್ತದೆ. ಕೆಳಗಿನ ಬಯಲಿನಲ್ಲಿ ಕೇಳಿದ ಗಟ್ಟಿತನ ಮೇಲಿನ ಕಣಿವೆಗಳಲ್ಲಿ ಇರುವುದಿಲ್ಲ.

ಶಾರ್ಟ್‌ವೇವ್ ಬರುವುದು ಮೇಲಿನಿಂದ. ಭೂಮಿಯಿಂದ ಸುಮಾರು 60 ಕಿಲೋಮೀಟರ್‌ನಿಂದ ಹಿಡಿದು ನೂರಾರು ಕಿಲೋಮೀಟರ್ ಎತ್ತರದವರೆಗೆ ಹರಡಿರುವ ಗಾಳಿಯ ತೆಳು ಪದರಗಳನ್ನು ಬಿಸಿಲು ವಿದ್ಯುದಾವೇಶಗೊಳಿಸುತ್ತದೆ. ಅಯಾನುಗೋಳ ಎಂದು ಕರೆಯುವುದು ಈ ಪದರಗಳನ್ನೇ. ಸುಮಾರು 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಅಲೆಗಳು ಅಲ್ಲಿ ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತವೆ. ನೆಲದಿಂದ ಪುಟಿದು ಮತ್ತೊಮ್ಮೆ ಮೇಲಕ್ಕೆ ಹೋಗುವುದೂ ಉಂಟು. ಇಂಗ್ಲೆಂಡಿನ ಎಡ್ವರ್ಡ್ ಆಪಲ್ಟನ್ 1924ರಲ್ಲಿ ಪ್ರಯೋಗದಿಂದ ಈ ಪದರದ ಇರವನ್ನು ತೋರಿಸಿದರು; 1947ರ ನೊಬೆಲ್ ಪ್ರಶಸ್ತಿ ಅವರಿಗೆ ಬಂದದ್ದು ಅದಕ್ಕೇ. ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಬೆಳೆಸಿದವರು ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರ. ಅಲೆ ಆಕಾಶದಿಂದ ಇಳಿಯುವುದರಿಂದ ನಡುವೆ ಎಷ್ಟು ಬೆಟ್ಟಗಳಿದ್ದರೂ ಅದಕ್ಕೆ ಅಡ್ಡಿಯಾಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಬಹು ದೂರದ ನಿಲಯದ ಅಲೆ ದಿಗಂತಕ್ಕೆ ಹತ್ತಿರವಾಗಿ, ಓರೆಯಾಗಿ ಇಳಿಯುತ್ತದೆ. ಗೋಡೆಯಂತೆ ಎದ್ದ ಗುಡ್ಡದ ಬುಡದಲ್ಲಿ ಕುಳಿತರೆ ಆ ದಿಕ್ಕಿನ ನಿಲಯ ಸೊರಗುತ್ತದೆ. ಕಾಫಿ ಒಣಗಿಸುವ ಕಣದಂಥ ತೆರೆದ ಜಾಗಕ್ಕೆ ಐವತ್ತು ಹೆಜ್ಜೆ ನಡೆದರೆ ಮತ್ತೆ ಚೇತರಿಸಿಕೊಳ್ಳುತ್ತದೆ.

ಈ ಅಲೆಗೆ ಇನ್ನೊಂದು ಸ್ವಭಾವವಿದೆ. ಹೊರಟ ಜಾಗದ ಆಸುಪಾಸಿನ ಸ್ವಲ್ಪ ದೂರ ನೆಲದಲೆ ಕೇಳಿಸುತ್ತದೆ. ಆಮೇಲೆ ನೂರಾರು ಕಿಲೋಮೀಟರ್ ಏನೂ ಇಲ್ಲ. ಅದರಾಚೆ ಆಕಾಶದಿಂದ ಇಳಿದ ಅಲೆ. ನಡುವಿನ ಈ ಮೌನದ ಪಟ್ಟಿ ತಿಳಿಯದವರು ರೇಡಿಯೊ ಕೆಟ್ಟಿತೆಂದು ದೂರುತ್ತಾರೆ. ಬೆಂಗಳೂರಿನ ಯಲಹಂಕದ ಬಳಿ ಆಕಾಶವಾಣಿ ನಿಲ್ಲಿಸಿದ 500 ಕಿಲೊವ್ಯಾಟ್ ಶಾರ್ಟ್‌ವೇವ್ ಪ್ರಸಾರಕಗಳು ದೂರದೇಶಗಳನ್ನು ಗುರಿಯಾಗಿಟ್ಟುಕೊಂಡವು. ಗಲ್ಫ್ ನಾಡಿನ ಕನ್ನಡಿಗರಿಗೆಂದು ವಿದೇಶ ಪ್ರಸಾರ ವಿಭಾಗ ಕನ್ನಡದಲ್ಲೂ ಕಾರ್ಯಕ್ರಮ ಕೊಟ್ಟಿತ್ತು. ಅಷ್ಟು ಬಲದ ಅಲೆಯೂ ರಸ್ತೆಯಲ್ಲಿ 250 ಕಿಲೋಮೀಟರ್ ಆಸುಪಾಸಿನ ಚಿಕ್ಕಮಗಳೂರಿನ ಬೆಟ್ಟಗಳನ್ನು ಹಾರಿಕೊಂಡು ಹೋಗಬಲ್ಲದು. ಸುಮಾರು 850 ಕಿಲೋಮೀಟರ್ ದೂರದ ಕೊಲಂಬೊ ಮಾತ್ರ ಪಕ್ಕದ ಮನೆಯ ಮಾತಿನಂತೆ ಕೇಳಿಸುತ್ತಿತ್ತು. ರೇಡಿಯೊ ಸಿಲೋನ್ ಮಲೆನಾಡಿನ ತೋಟಗಳಲ್ಲಿ ಮನೆಮಾತಾಗಿದ್ದಕ್ಕೆ ಹಾಡುಗಳೆಷ್ಟು ಕಾರಣವೋ ಈ ದೂರವೂ ಅಷ್ಟೇ ಕಾರಣ. 1950ರ ದಶಕದ ಆರಂಭದಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಾಗ ಕೊಲಂಬೊ 25 ಮತ್ತು 41 ಮೀಟರ್ ಬ್ಯಾಂಡುಗಳಲ್ಲಿ ಅವುಗಳನ್ನು ಸುರಿಯಿತು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ 1952ರಲ್ಲಿ ಶುರುವಾಯಿತು. ಕನ್ನಡ ಚಿತ್ರಗೀತೆಗಳಿಗೂ ಅಲ್ಲಿ ಒಂದಿಷ್ಟು ಹೊತ್ತು ಮೀಸಲಿತ್ತು. ವಿವಿಧಭಾರತಿ ಹುಟ್ಟಿದ್ದು ಅದಾದ ಮೇಲೆ, 1957ರ ಅಕ್ಟೋಬರ್ 3ರಂದು.

ಬಾನುಲಿಗೆ ಆಕಾಶವಾಣಿ ಎಂಬ ಹೆಸರು ನಿಂತದ್ದು ಕನ್ನಡ ನಾಡಿನಲ್ಲೇ. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 30 ವ್ಯಾಟ್‌ನ ಪುಟ್ಟ ಪ್ರಸಾರಕದಲ್ಲಿ ಪ್ರಸಾರ ಆರಂಭಿಸಿ ಆ ಹೆಸರಿಟ್ಟರು. ಆಗ ರೇಡಿಯೊ ಎಂದರೆ ವಾಲ್ವಿನ ಪೆಟ್ಟಿಗೆ. ಪ್ರಯಾಣಕ್ಕೆ ಒಯ್ಯುವ ಮಾತೇ ಇಲ್ಲ. 1947ರ ಕೊನೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿ, 1954ರಲ್ಲಿ ಅದನ್ನು ಬಳಸಿದ ಕಿಸೆರೇಡಿಯೊ ಮಾರುಕಟ್ಟೆಗೆ ಬಂದ ಮೇಲೆ ರೇಡಿಯೊ ಹೆಗಲೇರಿತು. ನಮ್ಮಲ್ಲಿ ಮರ್ಫಿ, ಬುಷ್, ಫಿಲಿಪ್ಸ್, ನೆಲ್ಕೊ ಟ್ರಾನ್ಸಿಸ್ಟರುಗಳು ಚರ್ಮದ ಚೀಲ ತೊಟ್ಟು ತೋಟದ ರೈಟರ ಜೊತೆ, ಬಸ್ಸಿನ ಕಿಟಕಿಯ ಪಕ್ಕ, ಲೈನು ಮನೆಗಳ ಜಗಲಿಯ ಮೇಲೆ ಕಾಣಿಸಿಕೊಂಡವು. ಅವುಗಳಿಗೆ ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸು ಕಟ್ಟಬೇಕಿತ್ತು. 1980ರ ದಶಕದಲ್ಲಿ ಆ ಕಟ್ಟಳೆ ಹೋಯಿತು.

ಆ ಹಳೆಯ ಸೆಟ್ಟುಗಳನ್ನು ನೋಡಿದರೆ ಇಂದಿನ ಆಯ್ಕೆಯ ಮೊದಲ ಪಾಠ ಸಿಗುತ್ತದೆ. ಅವುಗಳ ಡಯಲಿನಲ್ಲಿ ಒಂದು ಗೇಣಿನಷ್ಟು ಪಟ್ಟಿಯೊಳಗೆ ಹತ್ತು ಹನ್ನೆರಡು ಮೆಗಾಹರ್ಟ್ಸ್ ತುರುಕಿರುತ್ತಿತ್ತು. ಶಾರ್ಟ್‌ವೇವ್ ನಿಲಯಗಳು 5 ಕಿಲೊಹರ್ಟ್ಸ್ ಅಂತರದಲ್ಲಿ ಕೂರುತ್ತವೆ; ಅಂದರೆ ಒಂದು ಗೇಣಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸ್ಥಾನಗಳು. ಮುಳ್ಳು ಕೂದಲೆಳೆ ಸರಿದರೂ ನಿಲಯ ಕೈತಪ್ಪುತ್ತಿತ್ತು. ನಿನ್ನೆ ರಾತ್ರಿ ಕೇಳಿದ್ದನ್ನು ಇಂದು ಹುಡುಕಲು ಕಾಲು ಗಂಟೆ ಬೇಕಾಗುತ್ತಿತ್ತು. ಇಂದಿಗೂ ಅಂಥ ಮುಳ್ಳಿನ ರೇಡಿಯೊಗಳು ಅಗ್ಗದಲ್ಲಿ ಸಿಗುತ್ತವೆ. ಪೆಟ್ಟಿಗೆಯ ಮೇಲೆ ‘10 ಬ್ಯಾಂಡ್’, ‘12 ಬ್ಯಾಂಡ್’ ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಬ್ಯಾಂಡುಗಳ ಸಂಖ್ಯೆ ನೋಡಿ ಕೊಳ್ಳುವುದು ತಪ್ಪು ಲೆಕ್ಕ. ಪಟ್ಟಿಯನ್ನು ತುಂಡು ತುಂಡು ಮಾಡಿ ಒಂದೊಂದಕ್ಕೂ ಒಂದು ಹೆಸರು ಕೊಟ್ಟರೆ ಸಂಖ್ಯೆ ಬೆಳೆಯುತ್ತದೆ, ಅಷ್ಟೇ. ನೋಡಬೇಕಾದದ್ದು ಎಲ್ಲಿಂದ ಎಲ್ಲಿಯವರೆಗೆ ಕಡಿಯದೆ ಹೋಗುತ್ತದೆ ಎಂಬುದನ್ನು. ಸುಮಾರು 2.3 ಮೆಗಾಹರ್ಟ್ಸ್‌ನಿಂದ 22 ಮೆಗಾಹರ್ಟ್ಸ್‌ವರೆಗೆ ಬಿಡುವಿಲ್ಲದೆ ಹಿಡಿಯುವ ರೇಡಿಯೊ ಪ್ರಯಾಣಕ್ಕೆ ಸಾಕು.

ಇಷ್ಟು ಅಗಲ ಯಾಕೆ ಬೇಕೆಂದರೆ ಹಗಲಿನ ಬ್ಯಾಂಡು ಬೇರೆ, ಇರುಳಿನ ಬ್ಯಾಂಡು ಬೇರೆ. ಹಗಲಿನಲ್ಲಿ ಅಯಾನುಗೋಳದ ಕೆಳಪದರ ಕಡಿಮೆ ಕಂಪನಾಂಕದ ಅಲೆಗಳನ್ನು ನುಂಗುತ್ತದೆ. ಆಗ ಕೆಲಸಕ್ಕೆ ಬರುವುದು 19, 16, 13 ಮೀಟರ್ ಬ್ಯಾಂಡುಗಳು, ಅಂದರೆ 15ರಿಂದ 22 ಮೆಗಾಹರ್ಟ್ಸ್. ಹೊತ್ತು ಮುಳುಗಿದ ಮೇಲೆ ಆ ಕೆಳಪದರ ಕರಗುತ್ತದೆ; 49 ಮತ್ತು 41 ಮೀಟರ್‌ಗಳು, ಅಂದರೆ 6 ಮತ್ತು 7 ಮೆಗಾಹರ್ಟ್ಸ್ ಆಸುಪಾಸು, ಎಚ್ಚರಗೊಳ್ಳುತ್ತವೆ. 31 ಮತ್ತು 25 ಮೀಟರ್‌ಗಳು ಬೆಳಗು ಬೈಗು ಎರಡಕ್ಕೂ ಒದಗುತ್ತವೆ. ಮೀಟರನ್ನೂ ಮೆಗಾಹರ್ಟ್ಸನ್ನೂ ಜೋಡಿಸುವ ಲೆಕ್ಕ ಸುಲಭ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್ ಬರುತ್ತದೆ. ಕೊಲಂಬೊದ 11.905 ಮೆಗಾಹರ್ಟ್ಸ್ ಹೀಗೆ 25 ಮೀಟರ್ ಆಯಿತು. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ. ಏರಿದ ವರ್ಷಗಳಲ್ಲಿ ಮೇಲಿನ ಬ್ಯಾಂಡುಗಳು ತುಂಬಿ ತುಳುಕುತ್ತವೆ, ಇಳಿದ ವರ್ಷಗಳಲ್ಲಿ ಬಣಗುಡುತ್ತವೆ. ಒಂದು ರೇಡಿಯೊ ಹತ್ತು ವರ್ಷ ಬಾಳುವ ವಸ್ತು. ಎರಡೂ ಕಾಲಕ್ಕೆ ಅದು ಸಲ್ಲಬೇಕು.

ಕೊಳ್ಳುವ ಮುನ್ನ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಶಾರ್ಟ್‌ವೇವ್ ಮೊದಲಿನಷ್ಟು ಕಿಕ್ಕಿರಿದಿಲ್ಲ. ಬಿಬಿಸಿಯ ತಮಿಳು ಶಾರ್ಟ್‌ವೇವ್ ಪ್ರಸಾರ 2017ರಲ್ಲಿ ನಿಂತಿತು. ಹಿಂದಿ ಪ್ರಸಾರ 2020ರ ಜನವರಿ 31ರಂದು ಕೊನೆಗೊಂಡಿತು. ಆಕಾಶವಾಣಿಯೂ ಈಚಿನ ವರ್ಷಗಳಲ್ಲಿ ಹಲವು ಶಾರ್ಟ್‌ವೇವ್ ಪ್ರಸಾರಕಗಳನ್ನು ಮುಚ್ಚಿದೆ. ಹಾಗೆಂದು ಬ್ಯಾಂಡುಗಳು ಬರಿದಾಗಿಲ್ಲ. ಬಿಬಿಸಿಯ ಇಂಗ್ಲಿಷ್, ಚೀನಾದ ಹಲವು ಭಾಷೆಗಳು, ರುಮೇನಿಯಾ, ತುರ್ಕಿ, ಜಪಾನ್, ವ್ಯಾಟಿಕನ್ ಮೊದಲಾದವು ಶಾರ್ಟ್‌ವೇವನ್ನು ಪೂರಾ ಕೈಬಿಟ್ಟಿಲ್ಲ. ಮುಂಗಾರಿನಲ್ಲಿ ಮರ ಬಿದ್ದು ಲೈನು ಹರಿದು, ಮೂರು ನಾಲ್ಕು ದಿನ ಕರೆಂಟಿಲ್ಲದೆ, ಟವರಿನ ಬ್ಯಾಟರಿಯೂ ಮುಗಿದು ಮೊಬೈಲ್ ಸುಮ್ಮನಾದಾಗ ಹೊರಗಿನ ಲೋಕದ ಮಾತು ತಲುಪಿಸುವ ಸಾಧನವಾಗಿ ಇದರ ಬೆಲೆ ಕಡಿಮೆಯಾಗಿಲ್ಲ. ನಿಲಯಗಳು ಕಡಿಮೆಯಾದಷ್ಟೂ ಇರುವುದನ್ನು ಚೆನ್ನಾಗಿ ಹಿಡಿಯುವ ರೇಡಿಯೊ ಬೇಕಾಗುತ್ತದೆ.

ಆದ್ದರಿಂದ ಅಂಕಿಯಲ್ಲಿ ಕಂಪನಾಂಕ ತೋರಿಸುವ, ಅಂಕಿ ಒತ್ತಿ ನೇರವಾಗಿ ನಿಲಯಕ್ಕೆ ಹೋಗಬಹುದಾದ ಡಿಜಿಟಲ್ ರೇಡಿಯೊವನ್ನೇ ಆರಿಸುವುದು ವಿವೇಕ. ವೇಳಾಪಟ್ಟಿಯಲ್ಲಿ 9,410 ಎಂದಿದ್ದರೆ 9410 ಒತ್ತಿದರಾಯಿತು. ನಿಲಯ ಇದೆಯೋ ಇಲ್ಲವೋ ಎರಡು ಕ್ಷಣದಲ್ಲಿ ಗೊತ್ತಾಗುತ್ತದೆ.

ಡಿಜಿಟಲ್ ಅಂಕಿಯ ಹಿಂದೆ ಒಳಗಿನ ರಚನೆ ಯಾವುದೆಂದು ನೋಡುವುದು ಅದಕ್ಕಿಂತ ಮುಖ್ಯ. ಸಾಮಾನ್ಯ ರೇಡಿಯೊ ಹಿಡಿದ ಅಲೆಯನ್ನು ಒಂದೇ ಸಲ 455 ಕಿಲೊಹರ್ಟ್ಸ್‌ಗೆ ಇಳಿಸಿಕೊಳ್ಳುತ್ತದೆ. ಇದರಿಂದ ಒಂದು ವಿಚಿತ್ರ ನಡೆಯುತ್ತದೆ. 11,905ರಲ್ಲಿ ಬಲವಾದ ನಿಲಯವಿದೆ ಎನ್ನೋಣ. ಅದೇ ದನಿ, ಅದೇ ಹಾಡು ಸರಿಯಾಗಿ 910 ಕಿಲೊಹರ್ಟ್ಸ್ ಕೆಳಗೆ, 10,995ರಲ್ಲೂ ಕೇಳಿಸುತ್ತದೆ. 910 ಎಂದರೆ 455ರ ಇಮ್ಮಡಿ. ಅಲ್ಲಿ ನಿಲಯವಿಲ್ಲ, ಕೇಳುವುದು ನೀರಿನಲ್ಲಿ ಕಂಡ ಚಂದ್ರನಂಥ ಬಿಂಬ. ಬಿಂಬ ಖಾಲಿ ಜಾಗದಲ್ಲಿ ಬಿದ್ದರೆ ತೊಂದರೆಯಿಲ್ಲ. ಬೇಕಾದ ದುರ್ಬಲ ನಿಲಯದ ಮೇಲೆ ಬಿದ್ದರೆ ಎರಡೂ ಕಲಸಿ ಸೀಟಿ ಹೊಡೆದಂತಾಗುತ್ತದೆ. ಎರಡು ಹಂತದಲ್ಲಿ ಇಳಿಸುವ ರೇಡಿಯೊಗಳು ಅಲೆಯನ್ನು ಮೊದಲು ಹತ್ತಾರು ಮೆಗಾಹರ್ಟ್ಸ್‌ಗೆ ಏರಿಸಿ ಆಮೇಲೆ 455ಕ್ಕೆ ತರುತ್ತವೆ. ಬಿಂಬ ಆಗ ಎಲ್ಲೋ ದೂರ ಬಿದ್ದು ಹಾಳಾಗುತ್ತದೆ. ಹೊಸ ಪೀಳಿಗೆಯ ಡಿಎಸ್‌ಪಿ ರೇಡಿಯೊಗಳಲ್ಲಿ ಈ ಕೆಲಸವನ್ನು ಒಂದು ಚಿಪ್ ಲೆಕ್ಕ ಹಾಕಿ ಮಾಡುತ್ತದೆ. ಅಂಗಡಿಯಲ್ಲೇ ಇದನ್ನು ಪರೀಕ್ಷಿಸಬಹುದು. ಗಟ್ಟಿಯಾಗಿ ಕೇಳುವ ಒಂದು ನಿಲಯ ಹಿಡಿದು, ಅದರ ಅಂಕಿಯಿಂದ 910 ಕಳೆದು, ಅಲ್ಲಿ ಒತ್ತಿ ಕೇಳಬೇಕು. ಅಲ್ಲೂ ಅದೇ ದನಿ ಬಂದರೆ ಆ ರೇಡಿಯೊವನ್ನು ಕಪಾಟಿಗೆ ಮರಳಿಸುವುದು ಮೇಲು.

ಪಕ್ಕದ ನಿಲಯವನ್ನು ದೂರವಿಡುವ ಶಕ್ತಿ ಇನ್ನೊಂದು ಗುಣ. 5 ಕಿಲೊಹರ್ಟ್ಸ್ ಆಚೆ ಬಲಶಾಲಿ ನಿಲಯವಿದ್ದಾಗ ಕಿಟಕಿಯನ್ನು ಕಿರಿದು ಮಾಡಿಕೊಳ್ಳುವ ಅನುಕೂಲ ಬೇಕು. ಡಿಎಸ್‌ಪಿ ರೇಡಿಯೊಗಳಲ್ಲಿ 6, 4, 3, 2 ಕಿಲೊಹರ್ಟ್ಸ್ ಎಂದು ಈ ಅಗಲವನ್ನು ಬದಲಿಸಬಹುದು. ಕಿರಿದಾದಷ್ಟೂ ದನಿ ಮಂಕಾಗುತ್ತದೆ, ಗದ್ದಲವೂ ಇಳಿಯುತ್ತದೆ. ವಾರ್ತೆಗೆ 3 ಸಾಕು, ಸಂಗೀತಕ್ಕೆ 6 ಬೇಕು. ಸಿಂಕ್ರೊನಸ್ ಪತ್ತೆ ಎಂಬ ಸೌಲಭ್ಯವಿದ್ದರೆ ಅಲೆಯಂತೆ ಏರಿಳಿಯುತ್ತ ಒಡೆಯುವ ದನಿ ಒಂದಿಷ್ಟು ಸ್ಥಿರವಾಗುತ್ತದೆ. ಎಸ್‌ಎಸ್‌ಬಿ ಇದ್ದರೆ ಹ್ಯಾಮ್ ರೇಡಿಯೊದವರ ಮಾತು ಕೇಳಬಹುದು. 7 ಮತ್ತು 14 ಮೆಗಾಹರ್ಟ್ಸ್‌ನ ಹ್ಯಾಮ್ ಬ್ಯಾಂಡುಗಳು ಸಾಮಾನ್ಯ ರೇಡಿಯೊದಲ್ಲಿ ಬಾತುಕೋಳಿಯ ಕೂಗಿನಂತೆ ಕೇಳುತ್ತವೆ. ಎಸ್‌ಎಸ್‌ಬಿ ಒತ್ತಿದಾಗ ಆ ಕೂಗು ಮನುಷ್ಯರ ಮಾತಾಗುತ್ತದೆ. 2004ರ ಡಿಸೆಂಬರ್‌ನ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ ಸುದ್ದಿ ಹೊತ್ತು ತಂದವರು ಆಗ ಪೋರ್ಟ್‌ಬ್ಲೇರ್‌ನಲ್ಲಿದ್ದ ಹ್ಯಾಮ್‌ಗಳು. ನಿಲಯದ ಪ್ರಸಾರವಷ್ಟೇ ಸಾಕೆನ್ನುವವರಿಗೆ ಎಸ್‌ಎಸ್‌ಬಿ ಅನಿವಾರ್ಯವಲ್ಲ. ಅದನ್ನು ಬಿಟ್ಟರೆ ಬೆಲೆ, ತೂಕ ಎರಡೂ ಇಳಿಯುತ್ತವೆ.

ಅತ್ತಿಗುಂಡಿಯಂಥ ಜಾಗದಲ್ಲಿ ಒಳ್ಳೆಯ ರೇಡಿಯೊಗೂ ಎದುರಾಗುವ ಶತ್ರು ಗದ್ದಲ. ಊರು ಸಣ್ಣದು, ಗದ್ದಲವಿರದು ಎಂದುಕೊಂಡರೆ ತಪ್ಪು. ತೋಟದ ಅಂಚಿನಲ್ಲಿ ಕಾಡುಹಂದಿ, ಆನೆ ತಡೆಯಲು ಎಳೆದಿರುವ ಐಬೆಕ್ಸ್ ಬೇಲಿಯನ್ನೇ ನೋಡಬಹುದು. ಆ ತಂತಿಯಲ್ಲಿ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ವಿದ್ಯುತ್ತಿನ ಹೊಡೆತ ಹರಿಯುತ್ತದೆ. ಮಳೆಗಾಲದಲ್ಲಿ ಹುಲ್ಲು, ಬಳ್ಳಿ ಬೆಳೆದು ತಂತಿಗೆ ತಾಗಿದ ಕಡೆ ಕಿಡಿ ಹಾರುತ್ತದೆ. ರೇಡಿಯೊದಲ್ಲಿ ಅದು ಟಕ್, ಟಕ್, ಟಕ್ ಎಂದು ಗೋಡೆ ಗಡಿಯಾರದ ಹಾಗೆ ಕೇಳುತ್ತದೆ. ಎಫ್‌ಎಂನಲ್ಲಿ ಇದರ ಸುಳಿವೇ ಇರುವುದಿಲ್ಲ, ಶಾರ್ಟ್‌ವೇವ್ ಮತ್ತು ಮಧ್ಯಮ ತರಂಗದಲ್ಲಿ ಎದ್ದು ಕೇಳುತ್ತದೆ. ಬೇಲಿಯಿಂದ ದೂರ ಸರಿಯುವುದೊಂದೇ ಇದಕ್ಕೆ ಮದ್ದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಸೋಲಾರ್ ಇನ್ವರ್ಟರು ಹೊಮ್ಮಿಸುವುದು ಬೇರೆ ಥರದ್ದು, ಎಡೆಬಿಡದ ಗರಗರ. ಹೋಂಸ್ಟೇ ಕೋಣೆಯಲ್ಲಿ ಚಾರ್ಜರಿಗೆ ಸಿಕ್ಕಿಸಿಕೊಂಡೇ ರೇಡಿಯೊ ಕೇಳಲು ಹೋಗಿ, ಇಲ್ಲಿ ಏನೂ ಸಿಗುವುದಿಲ್ಲ ಎಂದು ತೀರ್ಮಾನಿಸುವವರು ಬಹಳ. ಅದನ್ನು ಕಿತ್ತು, ಸೆಲ್ಲಿನ ಮೇಲೆ ನಡೆಸಿ, ಅಂಗಳಕ್ಕೆ ಬಂದರೆ ಅದೇ ರೇಡಿಯೊ ಬೇರೆಯದೇ ಆಗಿ ಮಾತನಾಡುತ್ತದೆ. ರಾತ್ರಿ ಕರೆಂಟು ಹೋದ ಗಳಿಗೆಯಲ್ಲಿ ಇದು ಇನ್ನೂ ಚೆನ್ನಾಗಿ ಅರಿವಾಗುತ್ತದೆ. ಗರಗರ ಒಮ್ಮೆಲೇ ನಿಂತು, ಅದರಡಿಯಲ್ಲಿ ಅಷ್ಟು ಹೊತ್ತೂ ಇದ್ದ ನಿಲಯ ತಿಳಿಯಾಗಿ ಮೇಲೇಳುತ್ತದೆ.

ರೇಡಿಯೊದ ಉದ್ದ ಕಡ್ಡಿ ಏರಿಯಲ್ಲು ಶಾರ್ಟ್‌ವೇವ್‌ಗೂ ಎಫ್‌ಎಂಗೂ ದುಡಿಯುತ್ತದೆ. ಮಧ್ಯಮ ತರಂಗಕ್ಕೆ ಒಳಗೆ ಮಲಗಿರುವ ಫೆರೈಟ್ ಕಡ್ಡಿ ಇದೆ. ಇಡೀ ರೇಡಿಯೊವನ್ನು ನಿಧಾನವಾಗಿ ತಿರುಗಿಸಿದರೆ ಭದ್ರಾವತಿ ಒಂದು ದಿಕ್ಕಿನಲ್ಲಿ ಗಟ್ಟಿಯಾಗಿಯೂ ಇನ್ನೊಂದು ದಿಕ್ಕಿನಲ್ಲಿ ಕ್ಷೀಣವಾಗಿಯೂ ಕೇಳುವುದು ಅದರಿಂದ. ಪ್ರಯಾಣಕ್ಕೆ ಕೊಳ್ಳುವ ರೇಡಿಯೊಗೆ ಹೊರಗಿನ ಏರಿಯಲ್ ಸಿಕ್ಕಿಸುವ ತೂತು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಐದಾರು ಮೀಟರ್ ತೆಳು ತಂತಿಯ ತುದಿಗೆ ಒಂದು ಕ್ಲಿಪ್ ಹಾಕಿ ಕಡ್ಡಿಗೆ ಕಚ್ಚಿಸಿದರೂ ಆಗುತ್ತದೆ. ಕಾಫಿ ತೋಟದಲ್ಲಿ ಇದಕ್ಕೆ ಕಂಬ ಹುಡುಕಬೇಕಿಲ್ಲ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರ ಎಲ್ಲೆಲ್ಲೂ ಇದೆ. ತಂತಿಯ ತುದಿಗೆ ಸಣ್ಣ ಕಲ್ಲು ಕಟ್ಟಿ ಕೊಂಬೆಯ ಮೇಲಿಂದ ಎಸೆದರೆ ಏರಿಯಲ್ಲು ಸಿದ್ಧ. ಉದ್ದ ಹೆಚ್ಚಿದಷ್ಟೂ ಒಳ್ಳೆಯದೆಂದೇನಿಲ್ಲ. ಇಪ್ಪತ್ತು ಮೂವತ್ತು ಮೀಟರ್ ಎಳೆದರೆ ಸಣ್ಣ ರೇಡಿಯೊಗೆ ಅಜೀರ್ಣವಾಗಿ, ಇಲ್ಲದ ಕಡೆಯೆಲ್ಲ ಬಲಶಾಲಿ ನಿಲಯಗಳ ಭೂತ ಕಾಣಿಸಿಕೊಳ್ಳುತ್ತದೆ. ‘ಡಿಎಕ್ಸ್/ಲೋಕಲ್’ ಎಂಬ ಸಣ್ಣ ಸ್ವಿಚ್ಚು ಇರುವುದು ಆಗ ಅಲೆಯನ್ನು ತಗ್ಗಿಸಲೆಂದೇ. ಈ ತಂತಿ ಕರೆಂಟಿನ ಲೈನಿನ ಮೇಲಾಗಲಿ ಐಬೆಕ್ಸ್ ಬೇಲಿಯ ಮೇಲಾಗಲಿ ಹಾಯಬಾರದು. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಮೇಲೆ ಬೆಟ್ಟದ ಮೇಲೆ ಗುಡುಗು ಕಟ್ಟುವ ಕಾಲ. ಕಾಫಿ ಗಿಡ ಕಾದು ನಿಲ್ಲುವ ಹೂಮಳೆಯ ಜೊತೆಗೇ ಮಿಂಚೂ ಬರುತ್ತದೆ. ಮೊದಲ ಗುಡುಗು ಕೇಳುವ ಮೊದಲೇ ರೇಡಿಯೊ ಅದನ್ನು ಚಟಚಟ ಎಂದು ತಿಳಿಸುತ್ತದೆ. ಆ ಸದ್ದು ದಟ್ಟವಾಗುತ್ತಿದ್ದಂತೆ ತಂತಿಯನ್ನು ಬಿಚ್ಚಿ ಮನೆಯೊಳಗೆ ಸೇರಬೇಕು. ಇದರಲ್ಲಿ ಉದಾಸೀನ ಕೂಡದು.

ಸೆಲ್ಲಿನ ಆಯ್ಕೆಯಲ್ಲಿ ಊರಿನ ಅಂಗಡಿಯೇ ಅಳತೆಗೋಲು. ಪೆನ್ಸಿಲ್ ಸೆಲ್ಲು ಬೆಟ್ಟದ ದಾರಿಯ ಗೂಡಂಗಡಿಯಲ್ಲೂ ಸಿಗುತ್ತದೆ. ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿ ಚಿಕ್ಕಮಗಳೂರು, ಮೂಡಿಗೆರೆಗಳ ಮೊಬೈಲ್ ಅಂಗಡಿಗಳಲ್ಲಿ ಸಿಕ್ಕೀತು. 18650 ಎಂಬ ದಪ್ಪ ಲಿಥಿಯಂ ಸೆಲ್ಲು ಬಲಶಾಲಿ, ಆದರೆ ಎಲ್ಲ ಕಡೆ ಸಿಗುವಂಥದಲ್ಲ. ಮೂರು ಅಥವಾ ನಾಲ್ಕು ಪೆನ್ಸಿಲ್ ಸೆಲ್ಲಿನ ರೇಡಿಯೊ ಒಂಟಿ ಪ್ರಯಾಣಕ್ಕೆ ಎಲ್ಲಕ್ಕಿಂತ ನಂಬಿಕಸ್ಥ. 60 ಮಿಲಿಆಂಪಿಯರ್ ಎಳೆಯುವ ರೇಡಿಯೊ 2,000 ಮಿಲಿಆಂಪಿಯರ್-ಗಂಟೆಯ ಚಾರ್ಜಿಂಗ್ ಸೆಲ್ಲಿನಲ್ಲಿ ಲೆಕ್ಕಕ್ಕೆ 33 ಗಂಟೆ ನಡೆಯಬೇಕು. ದಿನಕ್ಕೆ ಮೂರು ಗಂಟೆ ಕೇಳಿದರೂ ಹತ್ತು ದಿನ. ಇಯರ್‌ಫೋನ್ ಹಾಕಿದರೆ ಇನ್ನೂ ಹೆಚ್ಚು, ಸ್ಪೀಕರ್ ಜೋರಾಗಿ ಇಟ್ಟರೆ ಕಡಿಮೆ. ವಿಮಾನದಲ್ಲಿ ಹೋಗುವಾಗ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಡಬೇಕು. ವಿಮಾನದೊಳಗೆ ರೇಡಿಯೊ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ.

ಪ್ರಯಾಣಕ್ಕೆಂದೇ ನೋಡಬೇಕಾದ ಸಣ್ಣ ಸಂಗತಿಗಳೂ ಇವೆ. ಗುಂಡಿಗಳಿಗೆ ಬೀಗ ಹಾಕುವ ಕೀಲಿ ಇಲ್ಲದಿದ್ದರೆ ಚೀಲದೊಳಗೆ ರೇಡಿಯೊ ತಾನೇ ಹೊತ್ತಿಕೊಂಡು ಊರು ಸೇರುವಷ್ಟರಲ್ಲಿ ಸೆಲ್ಲು ಖಾಲಿಯಾಗಿರುತ್ತದೆ. ಮಧ್ಯಮ ತರಂಗದ ಹೆಜ್ಜೆಯನ್ನು 9 ಮತ್ತು 10 ಕಿಲೊಹರ್ಟ್ಸ್‌ಗೆ ಬದಲಿಸುವಂತಿರಬೇಕು. ಭಾರತ, ಏಷ್ಯಾ, ಯುರೋಪುಗಳಲ್ಲಿ ಹೆಜ್ಜೆ 9, ಅಮೆರಿಕದಲ್ಲಿ 10. ಅಮೆರಿಕದಲ್ಲಿ ಕೊಂಡು 10ರಲ್ಲೇ ನಿಂತ ರೇಡಿಯೊ ಭದ್ರಾವತಿಯ 675ನ್ನು ಹಿಡಿಯದೆ 670, 680ರ ನಡುವೆ ತಡಕಾಡುತ್ತದೆ. ಪರದೆಗೆ ದೀಪವಿರಬೇಕು. ಚಳಿಗೆ ಮರಗಟ್ಟಿದ ಬೆರಳಿಗೂ ಗುಂಡಿಗಳು ಗುರುತು ಸಿಗಬೇಕು. ಗಡಿಯಾರ, ಅಲಾರಂ ಇದ್ದರೆ ಅನುಕೂಲ. ಶಾರ್ಟ್‌ವೇವ್ ವೇಳಾಪಟ್ಟಿಗಳೆಲ್ಲ ಜಾಗತಿಕ ವೇಳೆಯಲ್ಲಿರುತ್ತವೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ವೇಳೆ. ಪಟ್ಟಿಯ 14.00 ಎಂದರೆ ಇಲ್ಲಿ ಸಂಜೆ ಏಳೂವರೆ. ನೀರು ತಾಗದ ರೇಡಿಯೊ ಈ ಬಗೆಯಲ್ಲಿ ಅಪರೂಪ. ಅತ್ತಿಗುಂಡಿಯ ಮಂಜು ಕಿಟಕಿಯಿಂದ ಒಳಗೇ ಬರುತ್ತದೆ. ಬಾಯಿ ಬಿಗಿಯುವ ಪ್ಲಾಸ್ಟಿಕ್ ಚೀಲವೊಂದು ಇರಲೇಬೇಕು.

ಈ ಗುಣಗಳನ್ನು ಹೆಸರುಗಳಿಗೆ ಹೊಂದಿಸಿ ನೋಡುವುದಾದರೆ ಟೆಕ್‌ಸನ್ ಪಿಎಲ್-310ಇಟಿ ಮತ್ತು ಪಿಎಲ್-380 ಹಗುರ, ಮೂರು ಪೆನ್ಸಿಲ್ ಸೆಲ್ಲಿನವು, ಡಿಎಸ್‌ಪಿ ಚಿಪ್ಪಿನವು, ಎಸ್‌ಎಸ್‌ಬಿ ಇಲ್ಲ. ಮೊದಲನೆಯದಕ್ಕೆ ಹೊರಗಿನ ಏರಿಯಲ್ ಸಿಕ್ಕಿಸುವ ತೂತೂ ಇದೆ. ಮೊದಲ ಬಾರಿ ಕೊಳ್ಳುವ ಪ್ರಯಾಣಿಕನಿಗೆ ಈ ಎರಡರಲ್ಲಿ ಒಂದು ತಕ್ಕದ್ದು. ಪಿಎಲ್-330 ಅಂಗೈ ಅಗಲದಲ್ಲಿ ಎಸ್‌ಎಸ್‌ಬಿಯನ್ನೂ ಸಿಂಕ್ರೊನಸ್ ಪತ್ತೆಯನ್ನೂ ಕೊಡುತ್ತದೆ, ಬಿಎಲ್-5ಸಿ ಬ್ಯಾಟರಿಯದು. ಎಕ್ಸ್‌ಎಚ್‌ಡೇಟಾ ಡಿ-808 ಎಸ್‌ಎಸ್‌ಬಿ ಇರುವ, 18650 ಸೆಲ್ಲಿನ ರೇಡಿಯೊ. ಪಿಎಲ್-660 ನಾಲ್ಕು ಪೆನ್ಸಿಲ್ ಸೆಲ್ಲಿನ, ಎರಡು ಹಂತದ ಇಳಿಕೆಯ ಸೆಟ್ಟು. ತೂಕ ಸ್ವಲ್ಪ ಹೆಚ್ಚು. ಸೋನಿಯ ಐಸಿಎಫ್-ಎಸ್‌ಡಬ್ಲ್ಯು7600ಜಿಆರ್ 2001ರಲ್ಲಿ ಬಂದದ್ದು, ಈಗ ತಯಾರಾಗುತ್ತಿಲ್ಲ. ಅದರ ಬಿಗಿಯಾದ ರಚನೆ, ಸ್ಥಿರ ದನಿಗಳಿಗಾಗಿ ಹಳೆಯದನ್ನು ಹುಡುಕಿ ಕೊಳ್ಳುವವರು ಇಂದಿಗೂ ಇದ್ದಾರೆ. ಹಳೆಯದನ್ನು ಕೊಳ್ಳುವಾಗ ಮೊದಲು ಸೆಲ್ಲಿನ ಮನೆಯ ಮುಚ್ಚಳ ತೆಗೆದು ನೋಡಬೇಕು. ಸ್ಪ್ರಿಂಗಿನ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಒಳಗಿನ ಹಲಗೆಗೂ ಅದು ಇಳಿದಿರಬಹುದು. ಕಡ್ಡಿಯ ಬುಡ ಸಡಿಲವಾಗಿದೆಯೇ, ದನಿಯ ತಿರುಪು ತಿರುಗಿಸುವಾಗ ಕರಕರ ಎನ್ನುತ್ತದೆಯೇ ಎಂಬುದನ್ನೂ ನೋಡಬೇಕು. ಆಕಾಶವಾಣಿ ಅಳವಡಿಸಿಕೊಂಡಿರುವ ಡಿಆರ್‌ಎಂ ಡಿಜಿಟಲ್ ಪ್ರಸಾರವನ್ನು ಹಿಡಿಯುವ ಕೈರೇಡಿಯೊಗಳು ಇನ್ನೂ ವಿರಳ, ಸೆಲ್ಲನ್ನೂ ಬೇಗ ತಿನ್ನುತ್ತವೆ. ಬೆಟ್ಟದ ಪ್ರಯಾಣಕ್ಕೆ ಸದ್ಯಕ್ಕೆ ಅವು ಸೇರವು.

ಹೊರಡುವ ಹಿಂದಿನ ದಿನ ಮನೆಯಲ್ಲೇ ಒಂದು ಕೆಲಸ ಮುಗಿಸಿಕೊಳ್ಳಬೇಕು. ಶಾರ್ಟ್‌ವೇವ್ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ ಬದಲಾಗುತ್ತದೆ. ಆ ಋತುವಿನ ಪಟ್ಟಿಯಿಂದ ಎಂಟು ಹತ್ತು ನಿಲಯಗಳನ್ನು ಆರಿಸಿ, ಕಂಪನಾಂಕವನ್ನೂ ನಮ್ಮ ವೇಳೆಯನ್ನೂ ಒಂದು ಚೀಟಿಯಲ್ಲಿ ಬರೆದು, ರೇಡಿಯೊದ ನೆನಪಿನಲ್ಲೂ ತುಂಬಿಟ್ಟರೆ ಕತ್ತಲಲ್ಲಿ ತಡಕಾಡುವ ಪ್ರಮೇಯವಿಲ್ಲ. ಅತ್ತಿಗುಂಡಿಯಲ್ಲಿ ಕೇಳಲು ಒಳ್ಳೆಯ ಹೊತ್ತು ಎರಡು. ಪ್ರವಾಸಿಗರ ಜೀಪುಗಳು ಇಳಿದು ಹೋದ ಮೇಲಿನ ಸಂಜೆ ಏಳರಿಂದ ಹತ್ತು ಗಂಟೆ, ಆಗ 31, 41, 49 ಮೀಟರ್‌ಗಳು ತುಂಬಿರುತ್ತವೆ. ಬೆಳಗಿನ ಜಾವ ಐದರಿಂದ ಏಳು ಗಂಟೆ, ಆಗ ಇರುಳಿನ ಬ್ಯಾಂಡುಗಳು ಒಂದೊಂದಾಗಿ ಕುಗ್ಗುತ್ತ 25 ಮತ್ತು 19 ಮೀಟರ್‌ಗಳು ತೆರೆಯುತ್ತ ಹೋಗುವುದನ್ನು ಕೂತಲ್ಲೇ ಕೇಳಬಹುದು.

ಊರಿಗೆ ಮರಳಿದ ಮೇಲೆ ಸೆಲ್ಲುಗಳನ್ನು ಹೊರತೆಗೆದು, ಮುಚ್ಚಳ ತೆರೆದೇ ರೇಡಿಯೊವನ್ನು ಒಂದು ದಿನ ಒಣ ಜಾಗದಲ್ಲಿ ಇಡಬೇಕು. ಮಲೆನಾಡಿನ ತೇವದಲ್ಲಿ ಮರೆತು ಬಿಟ್ಟ ಸೆಲ್ಲು ಎರಡು ತಿಂಗಳಲ್ಲೂ ಸೋರೀತು. ಆಲ್ಕಲೈನ್ ಸೆಲ್ಲು ಸೋರಿದ್ದರೆ ನಿಂಬೆರಸದಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ, ಸಾಮಾನ್ಯ ಅಗ್ಗದ ಸೆಲ್ಲು ಸೋರಿದ್ದರೆ ಅಡುಗೆ ಸೋಡಾ ಕದಡಿದ ನೀರಿನ ಹತ್ತಿಯಿಂದ ಸ್ಪ್ರಿಂಗುಗಳನ್ನು ಒರೆಸಿ, ಒಣ ಬಟ್ಟೆಯಲ್ಲಿ ತೇವ ತೆಗೆದು, ಪೂರಾ ಆರಿದ ಮೇಲೆ ಹೊಸ ಸೆಲ್ಲು ಹಾಕಬೇಕು.